ಹೊತ್ತು ಮುಳುಗುವ ಮೊದಲು ಹವಳದ ಊಟ

ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಜೈನರ ಮನೆ. ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವ ತುತ್ತಿನೊಳಗೆ ಸೇರಿ ಹೋದೀತೆಂಬ ಅಂಜಿಕೆ. ನನ್ನ ತವರಿನಲ್ಲೂ ಇದೇ ಪದ್ಧತಿ ಇತ್ತು. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದಾಗಲೂ ಅಪ್ಪ ಮದರ್ ಸುಪೀರಿಯರ್ ಹತ್ತಿರ ಹೋಗಿ ಇದೊಂದನ್ನು ಒಪ್ಪಿಸಿಯೇ ಬಂದಿದ್ದರು. ಉಳಿದ ಹುಡುಗಿಯರು ಡೈನಿಂಗ್ ಹಾಲಿಗೆ ಸಾಲುಗಟ್ಟುವ ಹೊತ್ತಿಗೆ ನಾನು ಉಂಡು ಕೈತೊಳೆದು ಕೂತಿರುತ್ತಿದ್ದೆ. ‘ಅವರ್ ಲಿಟಲ್ ಸನ್‌ಫ್ಲವರ್’ ಎಂದು ಸಿಸ್ಟರ್ ನಗುತ್ತಿದ್ದರು. ಸೂರ್ಯ ಹೋದೊಡನೆ ನನ್ನ ಬಾಯಿ ಮುಚ್ಚುತ್ತದೆಂದು. ಊಟಕ್ಕೆ ಮಾತ್ರ, ಮಾತಿಗೆ ಅಲ್ಲ ಎಂದು ರಿಪೋರ್ಟ್ ಕಾರ್ಡಿನಲ್ಲಿ ಬೇರೆ ಬರೆದಿದ್ದರು.

ಇಂಥ ಮನೆಗೆ, ಕತ್ತಲಾದ ಮೇಲೆಯೇ ಬಾಯಿ ತೆರೆಯುವ ಅತಿಥಿಗಳನ್ನು ಕರೆತಂದವರು ನಮ್ಮ ಯಜಮಾನರು.

ಇವರು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರು. ಸರ್ವಿಸ್ ಪೂರ್ತಿ ಕಬ್ಬಿನ ಹಾಲನ್ನು ದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಒಂದು ಕಣ್ಣು ಮುಚ್ಚಿ, ಸಿಹಿ ಎಷ್ಟಿದೆ ಎಂದು ಅಳೆದವರು. ರಿಟೈರ್ ಆದ ಮೇಲೆ ಇಲ್ಲೇ ಮನೆ ಕಟ್ಟಿದೆವು. ಮೊಣಕಾಲಿನ ಆಪರೇಷನ್ನಿಗೆಂದು ಮಿರಜಿಗೆ ಹೋದಾಗ ಆಸ್ಪತ್ರೆಯ ವೇಟಿಂಗ್ ಹಾಲಿನಲ್ಲಿ ಉಪ್ಪುನೀರಿನ ಒಂದು ದೊಡ್ಡ ಅಕ್ವೇರಿಯಂ ಇತ್ತು. ಅದರ ಮುಂದೆ ಇವರು ಕೂತ ರೀತಿ ನೋಡಿಯೇ ನನಗೆ ಅನುಮಾನ ಬಂದಿತ್ತು. ನರ್ಸ್ ಬಂದು ಹೆಸರು ಕರೆದರೆ, ‘ಮುಂದಿನವರನ್ನ ಕರೀರಿ, ನಮಗ ಅವಸರಿಲ್ಲ’ ಎಂದುಬಿಟ್ಟರು.

ಕಾಲು ವಾಸಿಯಾಗುವ ಮೊದಲೇ ಪಡಸಾಲೆಗೆ ಗಾಜಿನ ತೊಟ್ಟಿ ಬಂತು. ಜನ್ಮವೆಲ್ಲ ಸಿಹಿ ಅಳೆದವರು ಈಗ ಉಪ್ಪು ಅಳೆಯಲು ಕೂತರು. ಕೃಷ್ಣಾ ನದಿಯ ದಂಡೆಯಲ್ಲಿ ಮನೆ, ಮನೆಯೊಳಗೆ ಸಮುದ್ರ. ಅದೇ ದುರ್ಬೀನಿನಂಥ ಉಪಕರಣ, ಅದೇ ಮುಚ್ಚಿದ ಕಣ್ಣು. ಫಿಸಿಯೋಥೆರಪಿಗೆ ಏಳು ಎಂದರೆ ನರಳುತ್ತಿದ್ದವರು ತೊಟ್ಟಿಯ ನೀರು ನೋಡಲು ಕೋಲು ಮರೆತು ಎದ್ದು ಹೋಗುತ್ತಿದ್ದರು. ಅದನ್ನು ನೋಡಿ ನಾನು ತೊಟ್ಟಿಯ ಬಗ್ಗೆ ಬಾಯಿ ಬಿಡಲಿಲ್ಲ. ಕಂಪ್ಲೇಂಟ್ ಮಾಡಬೇಕೆಂದಿದ್ದೆ, ರಿಯಲಿ.

ಮನೆಯಲ್ಲಿ ಇನ್ನೊಬ್ಬರಿದ್ದಾರೆ. ಇವರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವರು. ಅಡುಗೆಮನೆ ಅವರದು, ಬಸದಿಗೆ ಹೋಗುವ ಹೊತ್ತು ಅವರದು, ಕೊನೆಯ ಮಾತೂ ಅವರದು. ನನಗೆ ಮೊಮ್ಮಕ್ಕಳಾದರೂ ಅವರ ಬಾಯಲ್ಲಿ ನಾನಿನ್ನೂ ‘ಹುಡುಗಿ’. ಮೊದಲ ಹವಳಗಳು ಬಂದ ದಿನ ಅಕ್ಕಾವರು ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಮುಂದೆ ನಿಂತರು.

“ಇದೇನು ತಂದೀಯೋ ತಮ್ಮಾ?”

“ಹವಳ, ಅಕ್ಕಾ.”

ಅಕ್ಕಾವರು ಬೆರಳಿನ ಹವಳದ ಉಂಗುರವನ್ನು ಗಾಜಿಗೆ ಹಿಡಿದು ಹೋಲಿಸಿ ನೋಡಿದರು. “ಹವಳ ಅಂದ್ರ ಕೆಂಪ ಇರತೈತಿ. ಇದು ಹಸರ ಐತಿ, ಅದು ಕಂದು ಐತಿ. ನಿನಗ ಯಾರೋ ಟೋಪಿ ಹಾಕ್ಯಾರ.”

“ಇದು ಜೀವಂತ ಹವಳ. ಇದರಾಗ ಜೀವ ಐತಿ.”

“ಕಲ್ಲಿನ್ಯಾಗ ಜೀವ ಐತಿ ಅಂತ ನಮ್ಮ ಮುನಿ ಮಹಾರಾಜರು ಪ್ರವಚನದಾಗ ಯಾವಾಗಿಂದ ಹೇಳಾಕತ್ತಾರ. ನಿಮ್ಮ ಸಾಯನ್ಸಿಗೆ ಈಗ ತಿಳೀತೇನು?”

ಮಿರಜಿನ ಅಕ್ವೇರಿಯಂ ಅಂಗಡಿಯವನು ಗಟ್ಟಿ ಹವಳ ಮನೆಯಲ್ಲಿ ಇಡುವಂತಿಲ್ಲ, ಕಾಯ್ದೆ ಇದೆ ಎಂದು ಮೆತ್ತಗಿನ ಜಾತಿಗಳನ್ನಷ್ಟೇ ಕೊಟ್ಟಿದ್ದ. ಅಂಗಿಯ ಗುಂಡಿಗಳನ್ನು ಕಲ್ಲಿನ ಮೇಲೆ ಹೊಲಿದಂತೆ ಕಾಣುವುದೊಂದು, ಎಳೆ ಹುಲ್ಲಿನಂತೆ ಅಲ್ಲಾಡುವುದೊಂದು. ಎಲ್ಲಕ್ಕಿಂತ ದೊಡ್ಡದಾಗಿ, ತಟ್ಟೆಯಷ್ಟು ಅಗಲಕ್ಕೆ ಹರಡಿಕೊಂಡು ಆನೆಕಿವಿ ಎಂಬುದೊಂದು. ಇವರಿಗೆ ಆನೆಕಿವಿಯ ಮೇಲೆ ಪಕ್ಷಪಾತ. ಪೇಪರು ಓದುತ್ತಾ ಅದಕ್ಕೂ ಸುದ್ದಿ ಹೇಳುತ್ತಿದ್ದರು.

ನನಗೆ ಕಾನ್ವೆಂಟಿನ ಗಾಜಿನ ಬೀರು ನೆನಪಾಗುತ್ತಿತ್ತು. ಕಡಲ ಕಡೆಯಿಂದ ಬಂದಿದ್ದ ಒಬ್ಬ ಸಿಸ್ಟರ್ ಅದರಲ್ಲಿ ಬಿಳಿ ಹವಳದ ಒಂದು ಟೊಂಗೆ ಇಟ್ಟಿದ್ದರು. ಮುಟ್ಟಬಾರದು. ವರ್ಷವಿಡೀ ನಾನದನ್ನು ಕಲ್ಲಿನ ಹೂವೆಂದೇ ನಂಬಿದ್ದೆ. ಅದು ಹೂವೂ ಅಲ್ಲ, ಕಲ್ಲೂ ಅಲ್ಲ, ಸಣ್ಣ ಜೀವಗಳು ಕಟ್ಟಿದ ಒಂದು ಊರಿನ ಜನರೆಲ್ಲ ಹೋದ ಮೇಲೆ ಉಳಿದ ಗೋಡೆ ಎಂದು ತಿಳಿಯಲು ಇಷ್ಟು ವಯಸ್ಸಾಗಬೇಕಾಯಿತು. ಆ ಸಿಸ್ಟರ್ ಇದ್ದಿದ್ದರೆ ನಮ್ಮ ಪಡಸಾಲೆಗೆ ಕರೆಯುತ್ತಿದ್ದೆ.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಗಿಡಗಳ ಹಾಗೆ ಇವೂ ಬೆಳಕಿನ ಮೇಲೆಯೇ ಬದುಕುತ್ತವೆಂದು ಕೆಮಿಸ್ಟರು ಭಾಷಣ ಮಾಡಿದ್ದರು. ಆಮೇಲೆ ಗುಂಡಿಗಳು ಸಣ್ಣಗಾದವು, ಆನೆಕಿವಿ ಮಡಚಿಕೊಂಡಿತು. ಇವರು ಮಿರಜಿಗೆ ಓಡಿದರು. ಬರುವಾಗ ಮುಖ ಸಪ್ಪಗಿತ್ತು.

“ಇವಕ್ಕ ಊಟ ಹಾಕಬೇಕಂತ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

“ಹಾಕ್ರಿ. ಅದಕ್ಕ್ಯಾಕ ಪಿಸುಗುಡತೀರಿ?”

“ಸಣ್ಣ ಸಿಗಡಿ. ಐಸಿನ್ಯಾಗ ಇಟ್ಟದ್ದು. ಅದೂ ದೀಪ ಆರಿಸಿದ ಮ್ಯಾಲ. ಕತ್ತಲಾದ್ರನ ಅವು ಬಾಯಿ ತೆಗೀತಾವಂತ.”

ಮಾಂಸ, ಮತ್ತು ಹೊತ್ತು ಮುಳುಗಿದ ಮೇಲೆ. ಈ ಮನೆಯಲ್ಲಿ ಆಗಬಾರದ್ದು ಎರಡೇ ಎರಡು, ಎರಡನ್ನೂ ಆ ಹವಳಗಳು ಒಟ್ಟಿಗೆ ಕೇಳಿದ್ದವು.

ನಮ್ಮ ಫ್ರಿಜ್ಜಿನಲ್ಲಿ ಇಡುವ ಮಾತೇ ಇರಲಿಲ್ಲ. ಗೋಡೆಯ ಆಚೆ ಮುಸ್ಲಿಂ ಮನೆ. ಅವರದು ಬಟ್ಟೆ ವ್ಯಾಪಾರ. ಆ ಮನೆಯ ಹೆಂಗಸು ನನಗೆ ಭಾಬಿ, ನಾನು ಆಕೆಗೆ ವೈನಿ; ಎರಡೂ ಅತ್ತಿಗೆಯೇ. ಭಾಬಿಯ ಫ್ರೀಜರಿನ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬಿಗೆ ಜಾಗ ಸಿಕ್ಕಿತು. ಸಂಜೆ ಊಟ ಮುಗಿಸಿ, ಅಕ್ಕಾವರು ಜಪಮಣಿ ಹಿಡಿದು ದೇವರ ಕೋಣೆ ಸೇರಿದೊಡನೆ, ಇವರು ‘ವಾಕಿಂಗ್’ ಹೋಗುತ್ತಿದ್ದರು. ಗೋಡೆಯ ತನಕ ವಾಕಿಂಗ್. ಶಾಲಿನ ಮರೆಯಲ್ಲಿ ಒಂದು ಬಟ್ಟಲು. ಕಾರ್ಖಾನೆಯಲ್ಲಿ ಇಂಥವರಿಗೆ ಜನ ಎದ್ದು ನಿಲ್ಲುತ್ತಿದ್ದರು.

ಮುಂದಿನ ಕೆಲಸ ನನ್ನದು, ಯಾಕೆಂದರೆ ಇವರ ಕೈ ನಡುಗುತ್ತದೆ. ಮೊದಲು ಪಂಪ್ ಬಂದ್ ಮಾಡಿ ನೀರನ್ನು ನಿಲ್ಲಿಸಬೇಕು. ಇಲ್ಲವಾದರೆ ಊಟವೆಲ್ಲ ಹರಿದು ಹೋಗುತ್ತದೆ. ಕರಗಿದ್ದನ್ನು ತೊಟ್ಟಿಯದೇ ನೀರಿನಲ್ಲಿ ಕಲಸಿ, ಫೌಂಟನ್ ಪೆನ್ನಿಗೆ ಶಾಯಿ ತುಂಬುವ ಹಳೆಯ ಫಿಲ್ಲರಿನಲ್ಲಿ ಎಳೆದುಕೊಂಡು, ಒಂದೊಂದು ಗುಂಡಿಯ ನೆತ್ತಿಗೆ ಮೆಲ್ಲಗೆ ಬಿಡಬೇಕು. ಕಾನ್ವೆಂಟಿನಲ್ಲಿ ಒಂದು ಹನಿ ಶಾಯಿ ಡೆಸ್ಕಿಗೆ ಬಿದ್ದರೂ ಸ್ಕೇಲಿನ ಏಟು ಬೀಳುತ್ತಿತ್ತು. ಆ ತರಬೇತಿ ಕಡೆಗೂ ಕೆಲಸಕ್ಕೆ ಬಂತು. ಕೂದಲಿನಂಥ ಎಳೆಗಳು ಊಟವನ್ನು ಹಿಡಿದು ನಡುವಿನ ಬಾಯಿಗೆ ಒಯ್ಯುತ್ತಿದ್ದವು. ಆನೆಕಿವಿಯದು ಬೇರೆಯೇ ಠೀವಿ. ಊಟ ಬಿದ್ದೊಡನೆ ಅಂಚುಗಳನ್ನೆಲ್ಲ ಒಳಗೆಳೆದುಕೊಂಡು, ಅಕ್ಕಾವರು ಅಡಿಕೆ ತುಂಬಿಡುವ ಬಟ್ಟೆಯ ಚಂಚಿಯ ದಾರ ಎಳೆದಂತೆ, ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಟೇಬಲ್ ಮ್ಯಾನರ್ಸ್ ಎಂದರೆ ಅದು. ಬಾಯಿ ಮುಚ್ಚಿ ಉಣ್ಣುವುದು.

ಹವಳಗಳು ಮೈದುಂಬಿದವು. ಇವರು ಕೋಲನ್ನು ಛತ್ರಿಯ ಜತೆ ನಿಲ್ಲಿಸಿಬಿಟ್ಟರು.

ಆಮೇಲೆ ಒಂದು ಸಂಜೆ, ನಾವು ಮೂವರೂ ಊಟಕ್ಕೆ ಕೂತಿದ್ದೆವು. ಕಂಪೌಂಡಿನ ಮೇಲೆ ಇನ್ನೂ ಬಿಸಿಲಿತ್ತು. ಹಿತ್ತಲ ಬಾಗಿಲಲ್ಲಿ ಭಾಬಿ ಕಾಣಿಸಿಕೊಂಡಳು. ಕೈಯಲ್ಲಿ ಸ್ಟೀಲ್ ಡಬ್ಬಿ.

“ವೈನಿ, ಮುಂಜಾನಿಂದ ಕರೆಂಟ್ ಇಲ್ಲಲ. ಅಣ್ಣಾರದು ನೀರಾಗಾಕತ್ತೈತಿ. ಕೆಟ್ಟಹೋದ್ರ ನನ್ನ ಮ್ಯಾಲ ಬರತೈತಿ.”

“ಏನವಾ ಅದು, ಐಸ್‌ಕ್ರೀಮ್ ಏನು?” ಅಕ್ಕಾವರು ಕೇಳಿದರು.

ಭಾಬಿ ನನ್ನನ್ನು ನೋಡಿದಳು. ನಾನು ಇವರನ್ನು ನೋಡಿದೆ. ಇವರು ಹೆಸರುಕಾಳಿನ ಪಲ್ಯವನ್ನು ನೋಡಿದರು. ಭಾಬಿ ಮದುವೆಯಾಗಿ ಬಂದಾಗ ಆಕೆಗೆ ಶೇಂಗಾ ಹೋಳಿಗೆ ಮಾಡಲು ಕಲಿಸಿದವರು ಅಕ್ಕಾವರು. ಅವರ ಮುಂದೆ ಆಕೆಗೆ ಸುಳ್ಳು ಬರುವುದಿಲ್ಲ.

“ಝಿಂಗಾ ಐತ್ರಿ ದೊಡ್ಡಕ್ಕಾರ, ಸಿಗಡಿ. ಭಾಳ ಸಣ್ಣ ಜಾತೀದು. ಅಣ್ಣಾರು ದೀಪ ಆರಿಸಿ ಹವಳಕ್ಕ ಹಾಕತಾರಲ್ರಿ...”

ಅಕ್ಕಾವರು ತಟ್ಟೆಯಲ್ಲಿ ಬಿಡುವವರಲ್ಲ. ಉಳಿದಿದ್ದ ರೊಟ್ಟಿ ಮುಗಿಸಿದರು. ತಟ್ಟೆಗೆ ನೀರು ಹಾಕಿ, ತೊಳೆದು, ಪದ್ಧತಿಯಂತೆ ಆ ನೀರನ್ನೂ ಕುಡಿದು ಎದ್ದರು. ಸಿಟ್ಟಿನಲ್ಲೂ ಇಷ್ಟು ಡಿಸಿಪ್ಲಿನ್ ಇರುವವರನ್ನು ನಾನು ಕಾನ್ವೆಂಟಿನಲ್ಲೂ ಕಂಡಿರಲಿಲ್ಲ.

ಮರುದಿನ ಹಿತ್ತಲಿನ ವರಾಂಡದಲ್ಲಿ ಹಳೆಯ ಸ್ಟವ್ ಹತ್ತಿತು. ಒಂದು ಹೆಂಚು, ಒಂದು ಪಾತ್ರೆ, ನೀರು ಸೋಸುವ ಬಟ್ಟೆ.

“ನಿಮ್ಮ ಅಡಗಿ ನಿಮಗ, ನನ್ನ ಅಡಗಿ ನನಗ,” ಎಂದರು. “ಜಗಳಿಲ್ಲ ಏನಿಲ್ಲ. ಮಾಂಸ ಬರೂ ಮನ್ಯಾಗ ನನಗ ತುತ್ತ ಇಳಿಯೂದಿಲ್ಲ, ಅಷ್ಟ.”

ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನಗುನಗುತ್ತ ಮಾತಾಡುತ್ತಿದ್ದರು, ನನ್ನ ಬಿಪಿ ಮಾತ್ರೆ ನೆನಪಿಸುತ್ತಿದ್ದರು, ಊಟದ ಹೊತ್ತಿಗೆ ಮಾತ್ರ ವರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ಕೂಡುತ್ತಿದ್ದರು. ಒಳಗೆ ನನ್ನ ರೊಟ್ಟಿ. ಅಂಚು ಹರಿಯುವುದು ನನ್ನ ರೊಟ್ಟಿಗಳ ಹುಟ್ಟುಗುಣ. ಹೊರಗಿನಿಂದ ಅಕ್ಕಾವರ ರೊಟ್ಟಿ ಬಡಿಯುವ ಸದ್ದು, ಅವರ ಒಗ್ಗರಣೆಯ ವಾಸನೆ. ಇವರು ತುತ್ತು ಕೈಯಲ್ಲಿ ಹಿಡಿದು ಹಿತ್ತಲ ಕಡೆಗೆ ನೋಡುತ್ತಿದ್ದರು. ಬುದ್ಧಿ ಬಂದಾಗಿನಿಂದ ಅಕ್ಕನ ಕೈಯ ರೊಟ್ಟಿ ತಿಂದ ಮನುಷ್ಯ.

“ಆಸ್ಪತ್ರಿ ಊಟ ಇದ್ದಂಗ ಐತಿ,” ಎಂದರು ಒಮ್ಮೆ.

“ಥ್ಯಾಂಕ್ ಯೂ,” ಎಂದೆ.

“ನಿನ್ನ ರೊಟ್ಟಿಗೆ ಅನ್ನಲಿಲ್ಲ. ಅಕ್ಕ ಇಲ್ಲದ್ದಕ್ಕ ಅಂದೆ.” ತುತ್ತನ್ನು ತಟ್ಟೆಗೆ ಇಳಿಸಿ, “ತೊಟ್ಟಿ ಮಿರಜಿಗೆ ವಾಪಸ್ ಕೊಟ್ಟಬಿಡೂನು,” ಎಂದರು.

ಆ ದಿನದಿಂದ ಸಿಗಡಿ ನಿಂತಿತು. ಆದರೂ ಅಕ್ಕಾವರ ಸ್ಟವ್ ಒಳಗೆ ಬರಲಿಲ್ಲ. ಇಂದು ನಿಂತದ್ದು ನಾಳೆ ಶುರುವಾದೀತು, ತಮ್ಮನ ಶಾಲು ಅಗಲವಾಗಿದೆ ಎಂದು ಅವರಿಗೆ ಗೊತ್ತಿತ್ತು. ಇವರು ದಿನಕ್ಕೆ ಹತ್ತು ಸಲ ಉಪ್ಪು ಅಳೆಯುತ್ತಿದ್ದರು, ಅಳೆಯಲು ಏನೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಕೋಲು ಮತ್ತೆ ಕುರ್ಚಿಯ ಪಕ್ಕಕ್ಕೆ ಬಂದದ್ದನ್ನು ನೋಡಿದೆ. ಎನಫ್ ಈಸ್ ಎನಫ್ ಎಂದುಕೊಂಡು ಹಿತ್ತಲಿಗೆ ಹೋಗಿ ಅಕ್ಕಾವರ ಎದುರು ಮಣೆ ಹಾಕಿ ಕೂತೆ.

“ಅಕ್ಕಾರ, ತೊಟ್ಟಿ ಕೊಟ್ಟಬಿಡತಾರಂತ.”

“ಕೊಡು ಅಂತ ನಾ ಯಾವಾಗರ ಅಂದೇನೇನು?”

“ಇಟ್ಟಕೋ ಅಂತನೂ ಅಂದಿಲ್ರಿ.”

ಅಕ್ಕಾವರು ಹಿಟ್ಟು ನಾದುತ್ತಲೇ ಇದ್ದರು. “ಕೇಳಿಲ್ಲಿ, ಹುಡುಗಿ. ಅವು ತಿಂತಾವಂತ ನನಗ ಸಿಟ್ಟಿಲ್ಲ. ಹೊಳ್ಯಾಗ ಕೊಕ್ಕರಿ ಮೀನ ತಿಂತೈತಿ, ನಾ ಹೋಗಿ ಜಗಳಾ ತೆಗದೇನೇನು? ಅದರ ಹುಟ್ಟು ಅದು. ಆದ್ರ ನೀವು ಕೈಯಾರ ತಂದು ಹಾಕೂದು, ಅದೂ ದೀಪ ಹಚ್ಚೂ ಹೊತ್ತಿನ್ಯಾಗ, ಅದೂ ನನ್ನಿಂದ ಮುಚ್ಚಿಟ್ಟು.”

“ಬರೇ ಹಸರ ಏನರ ತಿಂದ್ರ? ನೀರಿನ ಪಾಚಿಯಂಥಾದ್ದು?”

“ಅದರಾಗೂ ಜೀವ ಐತಿ, ನಾ ಏನ ಕುರುಡಿ ಅಲ್ಲ. ಕಾಯಿಪಲ್ಲೆದಾಗೂ ಐತಿ. ಎಲ್ಲೆರ ಒಂದು ಗಡಿ ಹಾಕಬೇಕಲ.” ಆಮೇಲೆ ನನ್ನ ಮುಖ ನೋಡದೆ ಕೇಳಿದರು: “ಈಗ ಏನ, ಅವು ಉಪವಾಸ ಅದಾವೇನು?”

“ಹೌದ್ರಿ.”

ಅವರ ಕೈ ಹಿಟ್ಟಿನಲ್ಲೇ ನಿಂತಿತು. “ನನ್ನ ಹೆಸರಿನ್ಯಾಗ ಯಾರನ್ನೂ ಉಪವಾಸ ಕೆಡವಬ್ಯಾಡ್ರಿ,” ಎಂದರು.

ಮರುದಿನ ಇವರಿಗೆ ಹೇಳದೆ ರೈಲು ಹತ್ತಿ ಮಿರಜಿಗೆ ಹೋದೆ. ಅಂಗಡಿಯವನ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಹಸಿರು ಆಹಾರ ಏನಾದರೂ ಇದೆಯೇ ಎಂದೆ. ಇದೆ ಎಂದು ಬಾಟಲಿ ತೆಗೆದು ತೋರಿಸಿದ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ನೋಡಲು ಪಾಲಕ್ ಹಿಂಡಿದ ರಸ.

“ಮೊದಲ ಯಾಕ ಹೇಳಲಿಲ್ಲೋ ಮಾರಾಯಾ?”

“ಕಾಕೂ, ಸಾಹೇಬರು ಬಂದ್ರು, ಲೌಕರ, ಜಲ್ದಿ ಬೆಳೀಬೇಕು, ಎಲ್ಲಾದಕ್ಕಿಂತ ಜೋರ್ ಇರೂದ ಕೊಡು ಅಂದ್ರು. ನಾ ಕೊಟ್ಟೆ.”

ಕಬ್ಬಿನ ಸೀಮೆಯ ಮನುಷ್ಯ ಹವಳಕ್ಕೂ ಗೊಬ್ಬರ ಕೇಳಿದ್ದರು.

“ಗುಂಡಿ, ಹುಲ್ಲು, ಎಲ್ಲಾ ಇದರ ಮ್ಯಾಲ ನಡೀತಾವ, ಸಾವಕಾಶ. ಆದ್ರ ಕಾಕೂ, ಆನೆಕಿವಿ ನಡಿಯೂದಿಲ್ಲ. ಅದಕ್ಕ ಝಿಂಗಾನ ಬೇಕು.”

ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಆ ಕೊನೆಯ ಮಾತನ್ನು ಹೊತ್ತು ರೈಲಿನಲ್ಲಿ ಕೂತೆ. ಮಾಂಸದ ತೊಡಕು ಮುಕ್ಕಾಲು ಬಿಡಿಸಿದಂತಾಗಿತ್ತು. ಕತ್ತಲೆಯದು ಹಾಗೇ ಇತ್ತು. ಎದುರಿನ ಸೀಟಿನ ಹೆಂಗಸು ಮಗುವಿಗೆ ಕಿತ್ತಳೆ ಸುಲಿಯುತ್ತಿದ್ದಳು. ಜಾಗ್ರಫಿ ಸಿಸ್ಟರ್ ನೆನಪಾದರು: ಕೈಯಲ್ಲಿ ಕಿತ್ತಳೆ, ಪಕ್ಕದಲ್ಲಿ ಮೇಣದ ಬತ್ತಿ, ‘ಹಿಯರ್ ಇಟ್ ಈಸ್ ಡೇ, ದೇರ್ ಇಟ್ ಈಸ್ ನೈಟ್, ಗರ್ಲ್ಸ್.’ ನಮ್ಮ ತೊಟ್ಟಿಯ ಸೂರ್ಯ ಒಂದು ಎಲ್ಇಡಿ ದೀಪ. ಅದು ಮುಳುಗುವುದು ಟೈಮರ್ ಹೇಳಿದಾಗ. ನಮ್ಮ ಸೂರ್ಯನ ಜತೆಗೇ ಅದೂ ಮುಳುಗಬೇಕೆಂದು ಯಾರು ಹೇಳಿದರು?

ಮನೆಗೆ ಬಂದು ಟೈಮರ್ ತಿರುಗಿಸಿದೆ. ನಸುಕಿನಲ್ಲಿ ಬೆಳಗು, ನಮ್ಮ ಮಧ್ಯಾಹ್ನದ ಚಹಾದ ಹೊತ್ತಿಗೆ ಅದಕ್ಕೆ ಸಂಜೆ. ಪಡಸಾಲೆಯ ಕಿಟಕಿಗೆ ಕರಿ ಕಂಬಳಿ ಕಟ್ಟಿದೆ. ಇವರು ಅಟ್ಲಾಸ್ ತೆಗೆದು ಲೆಕ್ಕ ಹಾಕಿ, “ನಮ್ಮ ತೊಟ್ಟಿ ಈಗ ಇಂಡೋನೇಷ್ಯಾದ ಟೈಮಿಗೆ ನಡ್ಯಾಕತ್ತೈತಿ,” ಎಂದರು. ಹವಳಗಳು ಮೂಲದಲ್ಲಿ ಆ ಕಡೆಯವೇ. ಪಾಪ, ಇಷ್ಟು ದಿನ ಅವಕ್ಕೆ ನಮ್ಮ ಊರಿನ ಗಡಿಯಾರ ತೊಡಿಸಿದ್ದೆವು.

ಆನೆಕಿವಿಯ ಸುದ್ದಿ ಹೇಳಿದಾಗ ಮಾತ್ರ ಇವರು ಅಟ್ಲಾಸ್ ಮುಚ್ಚಿದರು. ಅಕ್ಕಾವರಿಗೆ ಹೇಳಬೇಡ ಎಂದರು. ಎರಡು ದಿನ ಅದಕ್ಕೆ ಪೇಪರು ಓದಿ ಹೇಳಿದರು. ಮೂರನೆಯ ದಿನ ನೀರು ತುಂಬಿದ ಚೀಲದಲ್ಲಿ ಅದನ್ನಿಟ್ಟುಕೊಂಡು, ತೊಡೆಯ ಮೇಲೆ ಕೂರಿಸಿಕೊಂಡು, ಮಿರಜಿಗೆ ಹೋಗಿ ಬಿಟ್ಟು ಬಂದರು. ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಇವರ ಕಣ್ಣು ಇಷ್ಟು ಕೆಂಪಾಗಿರಲಿಲ್ಲ. ಈ ಮಾತನ್ನು ಮಗಳಿಗೂ ಹೇಳಿದ್ದೇನೆ.

ಆ ಮಧ್ಯಾಹ್ನ ತೊಟ್ಟಿಯ ದೀಪ ಆರಿದ ಮೇಲೆ ಕಂಬಳಿಯ ಕತ್ತಲಲ್ಲಿ ನಾನು ಶಾಯಿ ಫಿಲ್ಲರಿಗೆ ಹಸಿರು ರಸ ಎಳೆದುಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಸೀರೆಯ ಸದ್ದಾಯಿತು.

“ದೊಡ್ಡದೆಲ್ಲಿ?” ಎಂದರು ಅಕ್ಕಾವರು.

“ಮಿರಜಿಗೆ ಬಿಟ್ಟ ಬಂದೆ,” ಎಂದರು ಇವರು. “ಅದಕ್ಕ ಹಸರ ನಡೀತಿದ್ದಿಲ್ಲ.”

ಅಕ್ಕಾವರು ತಮ್ಮನ ಮುಖವನ್ನು ನೋಡಿದರು. ಆಮೇಲೆ ಬಗ್ಗಿ ತೊಟ್ಟಿಯೊಳಗೆ ನೋಡಿದರು. ನಾನು ಬಿಟ್ಟ ಹಸಿರು ಹೊಗೆಯಂತೆ ಹರಡಿ ಗುಂಡಿಗಳ ಮೇಲೆ ಇಳಿಯುತ್ತಿತ್ತು. ಒಂದೊಂದು ಗುಂಡಿಯ ಸುತ್ತಲೂ ಎಳೆಗಳು ಎದ್ದವು, ನಡುವೆ ಸೂಜಿಯ ಕಣ್ಣಿನಷ್ಟು ಬಾಯಿ ತೆರೆದು ಮುಚ್ಚಿತು.

“ಕಲ್ಲಿಗೆ ಬಾಯಿ ಐತಲೇ,” ಎಂದು ಅಕ್ಕಾವರು ತಮ್ಮಷ್ಟಕ್ಕೆ ಹೇಳಿಕೊಂಡರು. ಬಹಳ ಹೊತ್ತು ನಿಂತಿದ್ದರು.

ಸಂಜೆ ಅಡುಗೆಮನೆಗೆ ಹೋದರೆ ಹಿತ್ತಲಿನ ಸ್ಟವ್ ಅಟ್ಟಕ್ಕೆ ಹೋಗಿತ್ತು. ಮೂರು ತಟ್ಟೆ ಹಾಕಿತ್ತು. ಬುಟ್ಟಿಯಲ್ಲಿ ಅಂಚು ಹರಿಯದ ರೊಟ್ಟಿಗಳು. ಇವರು ಡಾಕ್ಟರು ಹೇಳಿದ್ದಕ್ಕಿಂತ ಎರಡು ರೊಟ್ಟಿ ಹೆಚ್ಚು ತಿಂದರು. ಬಡಿಸುವಾಗ ಅಕ್ಕಾವರ ಬೆರಳು ನೋಡಿದೆ. ಹವಳದ ಉಂಗುರವಿದ್ದ ಜಾಗದಲ್ಲಿ ಬಿಳಿಯ ಗೆರೆ ಇತ್ತು.

ಈಗ ಹೊಸ ಕಾಟ ಶುರುವಾಗಿದೆ. ಹವಳಗಳ ಊಟವಾಗದೆ ಅಕ್ಕಾವರು ನಮಗೆ ಬಡಿಸುವುದಿಲ್ಲ. ‘ಉಂಡ್ವೇನು?’ ಎಂದು ಅಡುಗೆಮನೆಯಿಂದಲೇ ಕೇಳುತ್ತಾರೆ. ನಾನು ಮಧ್ಯಾಹ್ನ ನಿದ್ದೆ ಹೋಗಿ ತಡವಾದರೆ, ‘ಕಾನ್ವೆಂಟಿನ್ಯಾಗ ಹೊತ್ತಿಗೆ ಏಳೂದ ಕಲಸಲಿಲ್ಲೇನು?’ ಎನ್ನುತ್ತಾರೆ. ಭಾಬಿಯ ಮನೆಯಲ್ಲಿ ಕರೆಂಟ್ ಹೋದರೆ ನಮ್ಮ ಮೂವರಿಗೂ ನಗು ಬರುತ್ತದೆ.

ಕಳೆದ ತಿಂಗಳು ಅಕ್ಕಾವರ ಕಣ್ಣು ತೋರಿಸಲು ನಾನೇ ಮಿರಜಿಗೆ ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯಿಂದ ಹೊರಬಂದವರು ಸ್ಟೇಷನ್ನಿನ ದಾರಿ ಬಿಟ್ಟು, “ಆ ಅಂಗಡಿ ಎಲ್ಲಿ ಐತಿ?” ಎಂದರು.

“ಯಾವ ಅಂಗಡೀರಿ?”

“ಗೊತ್ತಿಲ್ಲದವರಂಗ ಮಾಡಬ್ಯಾಡ, ಹುಡುಗಿ.”

ಅಂಗಡಿಯ ಒಳಗಿನ ಕತ್ತಲೆ ಮೂಲೆಯ ತೊಟ್ಟಿಯಲ್ಲಿ ಆನೆಕಿವಿ ಹರಡಿಕೊಂಡಿತ್ತು, ನಮ್ಮಲ್ಲಿದ್ದುದಕ್ಕಿಂತ ದೊಡ್ಡದಾಗಿ. ಕಣ್ಣಿಗೆ ಹಾಕಿದ ಔಷಧಿಯಿಂದ ಅಕ್ಕಾವರಿಗೆ ಎಲ್ಲ ಮಂಜಾಗಿತ್ತು. ಆದರೂ ಗಾಜಿಗೆ ಮೂಗು ತಾಗಿಸಿ ನಿಂತರು. ಅಂಗಡಿಯವನು ಬಟ್ಟಲು ಹಿಡಿದುಕೊಂಡು ಬಂದ. ನಮ್ಮನ್ನು ನೋಡಿ ಅದನ್ನು ಬೆನ್ನ ಹಿಂದೆ ಮರೆಮಾಡಿದ.

“ಅದರ ಊಟದ ಹೊತ್ತಾಗೈತ್ರಿ ಆಜೀ. ನೀವು ಹೋದ ಮ್ಯಾಲ ಹಾಕತೇನಿ.”

ಅಕ್ಕಾವರು ಬಾಗಿಲ ಕಡೆ ತಿರುಗಿ ರಸ್ತೆಯ ಮೇಲಿನ ಬೆಳಕನ್ನು ನೋಡಿದರು.

“ಇನ್ನಾ ಬಿಸಲ ಐತಿ. ಹಾಕಪಾ, ತಿನ್ಲಿ. ಕಾಯಸಬ್ಯಾಡ.”

ಎಂದು ಹೇಳಿ, ತಾವು ಮಾತ್ರ ಎದುರು ಗೋಡೆಯ ಬಂಗಾರದ ಮೀನುಗಳ ಕಡೆ ಮುಖ ಮಾಡಿ ನಿಂತರು. ನಾನು ಈ ಕಡೆ ನೋಡಿದೆ. ಊಟ ಬಿತ್ತು, ಅಂಚುಗಳು ಒಳಗೆ ಬಂದವು, ಚಂಚಿ ಬಿಗಿಯಾಯಿತು.

“ಆತೇನು?” ಎಂದರು ತಿರುಗದೆ.

“ಆತ್ರಿ.”

“ಹಂಗಾರ ನಡಿ, ಗಾಡಿ ತಪ್ಪತೈತಿ. ಮನ್ಯಾಗ ನಮ್ಮವು ಕಾಯಾಕತ್ತಿರತಾವ.”